ಪೈ ಮೇಲೆ ಪಿಪ್ ಮುನಿಸಿಕೊಂಡರೆ

ತೋಟದ ತೇವದ ಸೆನ್ಸರ್ ಓದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಕಮಾಂಡಿನಿಂದ ಪೈಸೀರಿಯಲ್ (ಸೀರಿಯಲ್ ಪೋರ್ಟ್ ಓದುವ ಪ್ಯಾಕೇಜ್) ಹಾಕಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ಎರರ್ ಬರುತ್ತಿದೆ, ಹಳೆಯ ಎಸ್‌ಡಿ ಕಾರ್ಡಿನಲ್ಲಿ ಇದೇ ಕಮಾಂಡ್ ನಡೆಯುತ್ತಿತ್ತು ಅಂದಿದ್ದೀರಿ. ನಿಮ್ಮ ತಪ್ಪೇನೂ ಇಲ್ಲ. 2023ರಲ್ಲಿ ಬಂದ ಬುಕ್‌ವರ್ಮ್ ಎಂಬ ಪೈ ಓಎಸ್ ಆವೃತ್ತಿಯಿಂದ ಹೀಗೆಯೇ.

ಪೈ ಒಳಗಿನ ಪೈಥಾನ್ ನಮ್ಮೊಬ್ಬರದ್ದಲ್ಲ. ಸಿಸ್ಟಮ್ಮಿನ ಎಷ್ಟೋ ಕೆಲಸಗಳು ಅದನ್ನೇ ನಂಬಿವೆ. ಅದಕ್ಕೆ ಬೇಕಾದ ಪ್ಯಾಕೇಜುಗಳನ್ನು ಓಎಸ್‌ನ ಸ್ವಂತ ಇನ್‌ಸ್ಟಾಲರ್ ಆದ ಆಪ್ಟ್ ನೋಡಿಕೊಳ್ಳುತ್ತದೆ. ನಡುವೆ ಪಿಪ್ ನುಗ್ಗಿ ಬೇರೆ ವರ್ಷನ್ ಇಟ್ಟರೆ ಇಬ್ಬರಿಗೂ ಜಗಳ. ಎರರ್ ದಾಟಲು ಪಿಪ್ ಕಮಾಂಡಿಗೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅಂತ ಸೇರಿಸಿ ಅಂತ ಇನ್ನೊಬ್ಬರು ನಿಮಗೆ ಸಲಹೆ ಕೊಟ್ಟಿದ್ದಾರೆ. ಹೆಸರಲ್ಲೇ 'ಮುರಿ' ಅಂತ ಇದೆಯಲ್ಲ ಸ್ವಾಮಿ! ಹಿಂದೆ ನಾನು ಸುಡೊ (ಅಡ್ಮಿನ್ ಅಧಿಕಾರ) ಸೇರಿಸಿ ಪಿಪ್ ಹಾಕಿ ಹಾಕಿ, ಕೊನೆಗೆ ಕಾರ್ಡ್ ಅಳಿಸಿ ಮೊದಲಿಂದ ಶುರು ಮಾಡಿದವನು. ಬೇಡ.

ವೆನ್ವ್ ಮಾಡಿಕೊಳ್ಳಿ, ಅಂದರೆ ನಿಮ್ಮ ಕೆಲಸದ ಪ್ಯಾಕೇಜುಗಳಿಗೇ ಒಂದು ಪ್ರತ್ಯೇಕ ಫೋಲ್ಡರ್. ಅಡಿಕೆ ತೋಟದ ಪಕ್ಕ ತರಕಾರಿಗೆ ಬೇರೆ ಮಡಿ ಮಾಡಿದ ಹಾಗೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ:

ಪೈಥಾನ್3 -ಎಂ ವೆನ್ವ್ --ಸಿಸ್ಟಮ್-ಸೈಟ್-ಪ್ಯಾಕೇಜಸ್ ತೋಟ
ಸೋರ್ಸ್ ತೋಟ/ಬಿನ್/ಆಕ್ಟಿವೇಟ್
ಪಿಪ್ ಇನ್‌ಸ್ಟಾಲ್ ಪೈಸೀರಿಯಲ್

ತೋಟ ಅನ್ನುವುದು ಆ ಫೋಲ್ಡರಿನ ಹೆಸರು. ಮೊದಲ ಸಾಲಿನ '--ಸಿಸ್ಟಮ್-ಸೈಟ್-ಪ್ಯಾಕೇಜಸ್' ಎಂಬ ಉದ್ದನೆಯ ಬಾಲ ಬಿಡಬೇಡಿ. ಪೈನ ಪಿನ್ನುಗಳಿಗೆ ಬೇಕಾದ ಜಿಪಿಐಒಝೀರೋ, ಕ್ಯಾಮೆರಾಗೆ ಬೇಕಾದ ಪಿಕ್ಯಾಮೆರಾ2 ಇವು ಆಪ್ಟ್ ಮೂಲಕ ಬಂದವು. ಬಾಲ ಇದ್ದರೆ ಅವು ಒಳಗಿಂದಲೂ ಕಾಣುತ್ತವೆ.

ಇನ್ನೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಹಾಕುವಾಗ ಹೆಸರು ಪೈಸೀರಿಯಲ್, ಕೋಡಿನಲ್ಲಿ ಇಂಪೋರ್ಟ್ ಮಾಡುವಾಗ ಬರೀ ಸೀರಿಯಲ್. ಇಂಪೋರ್ಟ್ ಹೆಸರು ನೋಡಿ 'ಪಿಪ್ ಇನ್‌ಸ್ಟಾಲ್ ಸೀರಿಯಲ್' ಅಂದರೆ ಯಾವುದೋ ಸಂಬಂಧವಿಲ್ಲದ ಪ್ಯಾಕೇಜ್ ಬಂದು ಕೂರುತ್ತದೆ. ನಿಮ್ಮ ಫೈಲಿಗೂ ಸೀರಿಯಲ್ ಡಾಟ್ ಪಿವೈ ಅಂತ ಹೆಸರಿಡಬೇಡಿ, ಪೈಥಾನ್ ಮೊದಲು ಅದನ್ನೇ ಎತ್ತಿಕೊಳ್ಳುತ್ತದೆ.

ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆ) ಓಡಿಸುವಾಗ ಆಕ್ಟಿವೇಟ್ ತಲೆನೋವು ಬೇಡ. ಬರೀ ಪೈಥಾನ್3 ಬದಲು ತೋಟ/ಬಿನ್/ಪೈಥಾನ್‌ಗೆ, '/' ಇಂದ ಶುರುವಾಗುವ ಪೂರ್ತಿ ದಾರಿ ಕೊಟ್ಟರೆ ಸಾಕು. ತೋಟ ಫೋಲ್ಡರ್ ಬೇರೆ ಕಡೆ ಎತ್ತಿಟ್ಟರೆ ಕೆಡುತ್ತದೆ, ಹಳೆಯ ದಾರಿ ಅದರೊಳಗೇ ಬರೆದಿರುತ್ತದೆ. ಹಾಗಾಗಿ ಕೆಲಸ ಸರಿಯಾಗಿ ನಡೆದ ದಿನವೇ 'ಪಿಪ್ ಫ್ರೀಜ್ --ಲೋಕಲ್' ಕೊಟ್ಟು (ಲೋಕಲ್ ಬಿಟ್ಟರೆ ಸಿಸ್ಟಮ್ಮಿನ ಪ್ಯಾಕೇಜುಗಳೂ ಪಟ್ಟಿಗೆ ಬರುತ್ತವೆ), ಬಂದ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಫೈಲಿಗೆ ಹಾಕಿಡಿ. ಕಾರ್ಡ್ ಸತ್ತರೆ ಹೊಸ ವೆನ್ವ್ ಮಾಡಿ ಆ ಪಟ್ಟಿಯಿಂದಲೇ ಹಾಕಿಕೊಳ್ಳಬಹುದು.

ಇಷ್ಟಾದ ಮೇಲೂ ಪೋರ್ಟ್ ತೆರೆಯುವಾಗ ಪರ್ಮಿಷನ್ ಎರರ್ ಬಂದರೆ ಅದು ಪ್ಯಾಕೇಜಿನ ತಪ್ಪಲ್ಲ. ನಿಮ್ಮ ಯೂಸರ್, ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿ ಇದೆಯಾ ನೋಡಿ.