ಹಳ್ಳಿಯ ಆರೋಗ್ಯ ಉಪಕೇಂದ್ರದ ಕೆಲಸಕ್ಕೆ ಸೇರಬಹುದಾ? ಒಂದು ವರ್ಷ ಕಳೆದವಳ ಉತ್ತರ

ನರ್ಸಿಂಗ್ ಮುಗಿಸಿದ್ದೀರಿ, ದೂರದ ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ ಅಂತ ಕೇಳಿದ್ದೀರಿ. ನಾನು ಅದೇ ಕೆಲಸದಲ್ಲಿ ಈಗಷ್ಟೇ ಒಂದು ವರ್ಷ ಮುಗಿಸಿದೆ. ಊರು ಮಂಗಳೂರು. ಕೆಲಸ ಬೈಂದೂರು ತಾಲ್ಲೂಕಿನಲ್ಲಿ, ಘಟ್ಟದ ಬುಡದಲ್ಲಿ. ಮನೆಯಲ್ಲಿ ತುಳು ಮಾತಾಡುವ ನನಗೆ ಅಲ್ಲಿಯ ಕುಂದಾಪ್ರ ಕನ್ನಡ ಕಿವಿಗೆ ಹತ್ತಲು ಎರಡು ತಿಂಗಳು ಬೇಕಾಯಿತು.

ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಕೇಳಲು ಕಮ್ಮಿ ಅನಿಸುತ್ತದೆ ಅಲ್ವಾ? ಆದರೆ ಒಂದು ತೋಟ, ಒಂದು ಹಾಡಿ (ಸಣ್ಣ ಕಾಡು), ಒಂದು ತೋಡು (ಹಳ್ಳ) ದಾಟಿದರೆ ಇನ್ನೊಂದು ಮನೆ. ಸ್ಕೂಟರ್ ಅರ್ಧ ದಾರಿಗೇ ನಿಲ್ಲುತ್ತದೆ. ಮುಂದೆ ಆಶಾ ಅಕ್ಕನ ಬೆನ್ನು ನೋಡಿಕೊಂಡು ನಡಿಗೆ.

ಸೇರಿದ ಹೊಸತರಲ್ಲಿ, ಮೇ ತಿಂಗಳಲ್ಲಿ, ಒಬ್ಬರು ಅಜ್ಜಿಯ ಬಿಪಿ ನೋಡಿದೆ. 180/100. ಮಾತ್ರೆ ತಿಂಗಳು ತಿಂಗಳು ಹೋಗುತ್ತಿದೆ ಅಂತ ರಿಜಿಸ್ಟರ್‌ನಲ್ಲಿದೆ. ಎಲ್ಲಿ ಅಂತ ಕೇಳಿದರೆ ಒಳಗಿಂದ ಒಂದು ಬಿಸ್ಕತ್ ಡಬ್ಬ ತಂದರು. ಅದರ ತುಂಬ ಬಿಪಿಯ ಮಾತ್ರೆ, ಆಮ್ಲೊಡಿಪಿನ್. ತಲೆ ತಿರುಗಿದ ದಿನ ಮಾತ್ರ ಒಂದು ನುಂಗುತ್ತಿದ್ದರಂತೆ. ನಾನು ಚೆನ್ನಾಗಿಯೇ ಬೈದೆ. ಅಜ್ಜಿ ಸುಮ್ನೆ ಕೇಳಿಸಿಕೊಂಡು, ಆಮೇಲೆ ಅಂದರು: “ಮಳ್ಗಾಲ್ದಂಗೆ ಸಂಕ ಮುಳ್ಗತ್ ಹೆಣೆ. ಆಗ ಮಾತ್ರಿ ಕೊಡುಕೆ ನೀ ಬತ್ಯಾ?”

ಸಂಕ ಅಂದರೆ ತೋಡಿಗೆ ಅಡ್ಡ ಹಾಕಿದ ಎರಡು ಅಡಿಕೆ ಮರ. ಅಡುಗೆಮನೆಯಲ್ಲಿ ಇಣುಕಿದೆ. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಮಾವಿನಕಾಯಿ, ಹಲಸಿನ ಹಪ್ಪಳ, ಒಣಮೀನು, ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಗೆ. ಎಲ್ಲ ಮಳೆಗಾಲಕ್ಕೆ. ಮಾತ್ರೆಯೂ ಅದೇ ಸಾಲಿನಲ್ಲಿತ್ತು. ಬೈದದ್ದಕ್ಕೆ ನನಗೇ ನಾಚಿಕೆಯಾಯಿತು.

ಮರುವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಮಾತಾಡಿ, ತೋಡಿನಾಚೆಯ ಮನೆಗಳಿಗೆಲ್ಲ ಎರಡು ತಿಂಗಳ ಮಾತ್ರೆ ಒಟ್ಟಿಗೆ ಮುಟ್ಟಿಸಿದೆವು. ಉಪ್ಪಿನ ವಿಷಯದಲ್ಲಿ ಮಾತ್ರ ನಾನು ಸೋತೆ. ಆಟಿ ತಿಂಗಳ ಮಳೆಯಲ್ಲಿ ಗಂಜಿಗೆ ಒಣಮೀನು ಬೇಡ ಅಂತ ಹೇಳಲು ನನಗಾದರೂ ಬಾಯಿ ಬರಬೇಕಲ್ಲ!

ಆಮೇಲೆ ಎಲ್ಲ ಕೆಲಸವನ್ನೂ ಊರಿನ ಪಂಚಾಂಗ ನೋಡಿಯೇ ಮಾಡಲು ಕಲಿತೆ. ನಾಟಿಗೆ ಮೊದಲು ಇಲಿ ಜ್ವರದ ಮಾತು. ಕಾಲು ಬಿರುಕು ಬಿಟ್ಟವರನ್ನು ಹುಡುಕಿ, ಡಾಕ್ಟರ್ ಹೇಳಿದವರಿಗೆ ಆ ಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ. ಮಳೆ ಬಿಟ್ಟ ಮೇಲೆ ಹೆಂಗಸರು ದನದ ಹಟ್ಟಿಗೆ ಹಾಕಲು ತರಗೆಲೆ ಗುಡಿಸಲು ಕಾಡಿಗೆ ಹೋಗುತ್ತಾರೆ. ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣಿ) ಜಾಸ್ತಿಯಾಗುವುದೂ ಆಗಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಅದು, ಘಟ್ಟದ ಆಚೆ ಬದಿ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಲು ಡೀಪಾ ಎಣ್ಣೆ ಕೊಟ್ಟರೆ ಅಂಟುತ್ತದೆ, ವಾಸನೆ ಅಂತ ಗೊಣಗಾಟ. ಕಾಡಿನಿಂದ ಬಂದ ಕೂಡಲೇ ಬಿಸಿನೀರು ಸ್ನಾನ ಅಂದರೆ ಮಾತ್ರ ಎಲ್ಲರಿಗೂ ಒಪ್ಪಿಗೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಫೋನ್ ಮಾಡಿ ಅಂತ ಹೇಳಿ ಹೇಳಿ ಮಕ್ಕಳೂ ಈಗ ನನ್ನನ್ನು ಮಂಗನ ಮೇಡಂ ಅನ್ನುತ್ತಾರೆ.

ತಲೆನೋವು ಆ್ಯಪ್‌ಗಳದ್ದು. ನೆಟ್‌ವರ್ಕ್ ಸಿಗುವುದು ಒಂದು ಪಾರೆಕಲ್ಲಿನ ಮೇಲೆ ಮಾತ್ರ. ಸಂಜೆ ಅಲ್ಲಿ ಕೂತು ಎಂಟ್ರಿ ಮಾಡುತ್ತೇನೆ. ವಿಡಿಯೋದಲ್ಲಿ ಡಾಕ್ಟರ್ ಸಲಹೆ ಕೊಡುವ ಇ-ಸಂಜೀವಿನಿಯಲ್ಲಿ ಅವರ ಮುಖ ಅರ್ಧ ಬಂದು ನಿಲ್ಲುತ್ತದೆ. ಕೆಲಸ ಗುತ್ತಿಗೆಯದ್ದು, ಅದನ್ನೂ ತಿಳಿದುಕೊಂಡೇ ಸೇರಿ.

ನನ್ನನ್ನು ಕೇಳಿದರೆ, ಹೋಗಿ. ಒಂದು ವರ್ಷ ನೋಡಿ. ಇಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪು, ಸುಣ್ಣ ಜೊತೆಗಿರಲಿ.

ಮೊನ್ನೆ ಅಜ್ಜಿಯ ಮನೆಗೆ ಹೋಗಿದ್ದೆ. 146/90. ಬಿಸ್ಕತ್ ಡಬ್ಬದಲ್ಲಿ ಈಗ ಹಪ್ಪಳ ಇದೆ. ನನಗೂ ನಾಲ್ಕು ಸುಟ್ಟುಕೊಟ್ಟರು. ಉಪ್ಪು ತುಸು ಜಾಸ್ತಿಯೇ ಇತ್ತು.