ಕಲಾ ಮ್ಯೂಸಿಯಂಗೆ ಬರುವವರಿಗೆ ಎಐ ಧ್ವನಿ ಗೈಡ್ ಆ್ಯಪ್ ಮಾಡುವುದು ಹೇಗೆ?

ಕಣ್ಣು ಚಿತ್ರದ ಮೇಲಿರಬೇಕು, ಫೋನಿನ ಮೇಲಲ್ಲ. ವಿನ್ಯಾಸ ಶುರುವಾಗಬೇಕಾದದ್ದು ಇಲ್ಲಿಂದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನೇ ತೆಗೆದುಕೊಳ್ಳಿ. ಕಲಾವಿದರು ಹುಟ್ಟಿದ ಊರು, ವರ್ಷ ಅಂತ ಶುರು ಮಾಡಿದರೆ ಯಾರೂ ಕೇಳುವುದಿಲ್ಲ. ಅದರ ಬದಲು, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ, ಬೆಳಕು ಅವುಗಳ ಮೂಲಕ ಕೆಂಪಗೆ ಹಾದು ಬರುತ್ತಿದೆ, ಇದು ಎಣ್ಣೆ ಬಣ್ಣ ಅಲ್ಲ, ಜಲವರ್ಣ ಅಂತ ಹೇಳಿದರೆ ಜನ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ನೋಡುತ್ತಾರೆ, ಅಲ್ವಾ?

ನೋಡುಗರು ಯಾವ ಚಿತ್ರದ ಮುಂದೆ ನಿಂತಿದ್ದಾರೆ ಅಂತ ತಿಳಿಯಲು ಕಟ್ಟಡದೊಳಗೆ ಜಿಪಿಎಸ್ ನಂಬಬೇಡಿ, ಪ್ರತಿ ಚಿತ್ರದ ಪಕ್ಕ ಒಂದು ನಂಬರ್ ಅಥವಾ ಕ್ಯೂಆರ್ ಕೋಡ್ ಸಾಕು. ದಪ್ಪ ಗೋಡೆಗಳ ಹಳೇ ಕಟ್ಟಡದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಾಗಾಗಿ ಮುಖ್ಯ ಆಡಿಯೋ ಬಾಗಿಲಲ್ಲೇ ಡೌನ್‌ಲೋಡ್ ಆಗಲಿ.

ಎಐ ಬೇಕಾಗುವುದು ಪ್ರಶ್ನೆಗಳಿಗೆ. ಅದು ಮ್ಯೂಸಿಯಂನ ಕ್ಯುರೇಟರ್‌ಗಳು (ಸಂಗ್ರಹ ನೋಡಿಕೊಳ್ಳುವ ತಜ್ಞರು) ಬರೆದ ಟಿಪ್ಪಣಿಗಳಿಂದ ಮಾತ್ರ ಉತ್ತರಿಸಬೇಕು. ಅಲ್ಲಿ ಇಲ್ಲದ್ದನ್ನು ಕೇಳಿದರೆ "ಮಾಹಿತಿ ಇಲ್ಲ" ಅನ್ನಲಿ. ಸುಮ್ನೆ ಕಥೆ ಕಟ್ಟಿದರೆ ಜನ ಅದನ್ನೇ ನಿಜ ಅಂದುಕೊಂಡು ಹೋಗುತ್ತಾರೆ, ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಪಾಯ. ಕಿವಿ ಕೇಳದವರಿಗೆ ಅದೇ ಮಾತು ದೊಡ್ಡ ಅಕ್ಷರದಲ್ಲಿ ಪರದೆ ಮೇಲೂ ಬರಲಿ.