ರೈತರೇ ಸಿಗದಿದ್ದಾಗ ರೈತರ ಆ್ಯಪ್ ಪರೀಕ್ಷಿಸುವುದು ಹೇಗೆ?

ಖಂಡಿತ ಪರೀಕ್ಷಿಸಬಹುದು. ಆ್ಯಪ್ ಕಟ್ಟಿದವರನ್ನು ಬಿಟ್ಟು ಬೇರೆ 3ರಿಂದ 5 ಜನರನ್ನು ಹಿಡಿಯಿರಿ. ಒಳ್ಳೆಯ ಪರದೆ ಹೇಗಿರಬೇಕು ಎಂಬ ನಿಯಮಪಟ್ಟಿ ಕೈಗೆ ಕೊಡಿ. ಒಬ್ಬೊಬ್ಬರೂ ಬೇರೆ ಬೇರೆ ಕೂತು ತಪ್ಪು ಹುಡುಕಲಿ, ಆಮೇಲೆ ಒಟ್ಟು ಸೇರಿಸಿ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಪುರುಸೊತ್ತಾಗುವವರೆಗೆ ಮಾರುಕಟ್ಟೆ ದರ ತೋರಿಸುವ ನಿಮ್ಮ ಆ್ಯಪ್ ಕಾಯಬೇಕಿಲ್ಲ.

ಇದು ಸಾಫ್ಟ್‌ವೇರ್ ಬಳಸಲು ಎಷ್ಟು ಸುಲಭ ಎಂದು ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ 1990ರಲ್ಲಿ ಮುಂದಿಟ್ಟ ವಿಧಾನ. ಜನ ಎಡವುವ ಜಾಗಗಳು ಬಹಳಷ್ಟು ಸಲ ಒಂದೇ ಆಗಿರುತ್ತವೆ, ಅದೇ ಇದರ ಗುಟ್ಟು. ಹಿಂದಿನ ಪರದೆಯ ಅಂಕಿ ನೆನಪಿಟ್ಟುಕೋ ಅಂದರೆ ರೈತನೂ ಮರೆಯುತ್ತಾನೆ, ಇಂಜಿನಿಯರೂ ಮರೆಯುತ್ತಾನೆ. ಪರದೆಯಲ್ಲಿ ಸುಮ್ನೆ ‘ದರ 450’ ಅಂತಿದೆ ಅಂದುಕೊಳ್ಳಿ. 15 ಕೆಜಿ ಬಾಕ್ಸಿಗಾ, ಕ್ವಿಂಟಲಿಗಾ? ಇವತ್ತಿನದಾ, ನಿನ್ನೆಯದಾ? ಇದನ್ನು ಹಿಡಿಯಲು ತೋಟ ಇರಬೇಕಾಗಿಲ್ಲ ಅಲ್ವಾ?

ಒಬ್ಬರೇ ನೋಡಿದರೆ ಮಾತ್ರ ಸಾಲದು. ನೀಲ್ಸನ್ ಲೆಕ್ಕದಲ್ಲಿ ಒಬ್ಬರಿಗೆ ಕಂಡದ್ದು ಸರಾಸರಿ ಶೇ 35ರಷ್ಟು ತೊಂದರೆಗಳು. ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರಿಗೆ ಬೀಳುವುದಿಲ್ಲ. ಜೊತೆಗೆ ಕೂರಿಸಿದರಂತೂ ಜಾಸ್ತಿ ಮಾತಾಡುವವರು ಹೇಳಿದ್ದೇ ಪಟ್ಟಿಯಾಗುತ್ತದೆ!

ಆದರೆ ಮಂಡಿಯಲ್ಲಿ ಜನ ಯಾವ ಪದ ಬಳಸುತ್ತಾರೆ, ಬಿಸಿಲಲ್ಲಿ ನಿಂತು, ಮಣ್ಣಾದ ಕೈಯಲ್ಲಿ ಆ ಸಣ್ಣ ಬಟನ್ ಒತ್ತಲು ಆಗುತ್ತದಾ ಎಂಬುದು ನಿಯಮಪಟ್ಟಿಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಮುಂದೆ ಒಂದು ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಹೋಗಿ, ಹರಾಜು ಮುಗಿದ ಮೇಲೆ ಇಬ್ಬರು ಮೂವರ ಕೈಗೆ ಫೋನ್ ಕೊಟ್ಟು ಸುಮ್ಮನೆ ನೋಡಿ.